ಬಲಿಪೂಜೆಗೆ ಬರಿಗೈಯಲ್ಲಿ ಹೋಗದಿರಲು

ಓದುಗರು ಕೇಳುವ ಪ್ರಶ್ನೆ ಒಂದೇ, ಕೇಳುವ ಬಗೆ ಮಾತ್ರ ಬೇರೆ ಬೇರೆ. ‘ಪ್ರತಿ ಭಾನುವಾರ ಚರ್ಚಿಗೆ ಪೂಜೆಗೆ ಹೋಗ್ತೀವಿ. ಅದನ್ನ ಬಲಿಪೂಜೆ ಅಂತಾರೆ. ಅಲ್ಲಿ ಬಲಿ ಎಲ್ಲಿದೆ? ಕೊಡೋದು ಯಾರು, ಏನನ್ನ? ಫಾದರ್ ಎಲ್ಲ ಮಾಡ್ತಾರಲ್ಲ, ನಮ್ಮ ಕೆಲಸ ಏನು?’ ಇದಕ್ಕೆ ಉತ್ತರವನ್ನು ಹಂತ ಹಂತವಾಗಿ ಇಲ್ಲಿ ಕೊಟ್ಟಿದ್ದೇವೆ. ಕ್ರಮವೆಲ್ಲ ಕಥೋಲಿಕರ ರೋಮನ್ ವಿಧಿಯದು. ಬೇರೆ ಸಭೆಯವರಿಗೂ ಮುಂದೆ ಎರಡು ಮಾತಿದೆ.

ಮೊದಲು ಪದದ ತೊಡಕು. ಕನ್ನಡದಲ್ಲಿ ‘ಬಲಿ’ ಎಂದೊಡನೆ ಮಾರಮ್ಮನ ಜಾತ್ರೆಯ ಕೋಳಿ ಕುರಿ ನೆನಪಾಗುತ್ತವೆ. ಇಲ್ಲವೇ ಬೆಳಗಿನ ಪೇಪರಿನ ‘ರಸ್ತೆ ಗುಂಡಿಗೆ ಬೈಕ್ ಸವಾರ ಬಲಿ’ ಎಂಬ ತಲೆಬರಹ. ಎರಡು ಕಡೆಯೂ ಬಲಿಯಾದವರನ್ನು ಯಾರೂ ಕೇಳಿರುವುದಿಲ್ಲ. ಕ್ರೈಸ್ತ ಬಲಿ ಬೇರೆಯಾಗುವುದು ಇಲ್ಲಿಯೇ. ಅಲ್ಲಿ ಕೊಟ್ಟವರೂ ಕೊಡುಗೆಯಾದವರೂ ಒಬ್ಬರೇ, ಯೇಸುಸ್ವಾಮಿ. ಬಲಿಗೆ ಹೀಬ್ರೂ ಭಾಷೆಯಲ್ಲಿರುವ ‘ಕೊರ್ಬಾನ್’ ಎಂಬ ಪದದ ಮೂಲದಲ್ಲಿ ‘ಹತ್ತಿರ ತರುವುದು’ ಎಂಬ ಅರ್ಥವಿದೆ. ಸಿರಿಯನ್ ಸಂಪ್ರದಾಯದವರು ತಮ್ಮ ಆರಾಧನೆಯನ್ನು ‘ಕುರ್ಬಾನ’ ಎನ್ನುವುದೂ ಅದೇ ಬೇರಿನಿಂದ. ಕೊಲ್ಲುವುದಕ್ಕಿಂತ ಹತ್ತಿರಕ್ಕೆ ತರುವುದು ಮುಖ್ಯ ಎಂದು ಹಿಡಿದುಕೊಂಡರೆ ಮುಂದಿನದು ಸುಲಭ.

‘ಹಾಗಾದರೆ ದಿನಾ ಯೇಸುವನ್ನು ಮತ್ತೆ ಮತ್ತೆ ಬಲಿ ಕೊಡುತ್ತೀರಾ?’ ಎಂದು ಕೇಳುವವರಿದ್ದಾರೆ. ಇಲ್ಲ. ಬೈಬಲಿನ ಹಿಬ್ರಿಯರ ಪತ್ರ ‘ಒಂದೇ ಸಾರಿ’ ಎನ್ನುತ್ತದೆ, ಧರ್ಮಸಭೆಯೂ ಅದನ್ನೇ ಹೇಳುತ್ತದೆ. 1562ರ ಸೆಪ್ಟೆಂಬರಿನಲ್ಲಿ ಟ್ರೆಂಟ್ ನಗರದಲ್ಲಿ ಸೇರಿದ್ದ ಧರ್ಮಾಧ್ಯಕ್ಷರ ಮಹಾಸಭೆ ಕೊಟ್ಟ ವಿವರಣೆ ಇದು: ಬಲಿ ಅದೇ, ಅರ್ಪಿಸುವವರೂ ಅವರೇ, ಅರ್ಪಿಸುವ ರೀತಿ ಮಾತ್ರ ಬೇರೆ. ಶಿಲುಬೆಯ ಮೇಲೆ ಒಮ್ಮೆ ಆದದ್ದು ಪೀಠದ ಮೇಲೆ ನಮ್ಮ ಮುಂದೆ ಬರುತ್ತದೆ, ನಾವು ಅದರೊಳಕ್ಕೆ ಸೇರಿಕೊಳ್ಳುತ್ತೇವೆ.

ಈ ‘ಸೇರಿಕೊಳ್ಳುವುದು’ ಎಂಬ ಭಾಗವೇ ಹೆಚ್ಚಿನವರಿಗೆ ಮರೆತುಹೋಗಿರುವುದು. ಕಾಣಿಕೆ ಅರ್ಪಣೆ ಮುಗಿಯುವಾಗ ಗುರುಗಳು (ಫಾದರ್) ಸಭೆಯತ್ತ ತಿರುಗಿ ಪ್ರಾರ್ಥಿಸಿರೆಂದು ಕೇಳಿಕೊಳ್ಳುತ್ತಾರಲ್ಲ, ಆ ಮಾತಿನ ಲತೀನ್ ಮೂಲದಲ್ಲಿ ‘ನನ್ನ ಬಲಿ, ನಿಮ್ಮ ಬಲಿ’ ಎಂದೇ ಇದೆ. ನಿಮ್ಮದು ಎಂದು ಬಾಯಿಬಿಟ್ಟು ಹೇಳುವಾಗ ನಿಮ್ಮ ಕೈಯಲ್ಲಿ ಏನಾದರೂ ಇರಬೇಕು. ಬಾಣಂತಿಯನ್ನು ನೋಡಲು, ಹಿರಿಯರನ್ನು ಕಾಣಲು ಬರಿಗೈಲಿ ಹೋಗಬಾರದು ಎಂದು ಕಲಿತು ಬೆಳೆದವರು ನಾವು. ಬರಿಗೈಲಿ ನನ್ನ ಮುಂದೆ ಬರಬೇಡಿ ಎಂದು ಬೈಬಲಿನ ವಿಮೋಚನಕಾಂಡದಲ್ಲಿ ದೇವರೂ ಹೇಳುತ್ತಾರೆ.

ಬೇಕಾದ ಸಾಮಾನು ಹೆಚ್ಚಿಲ್ಲ. ಬೈಬಲ್, ಒಂದು ಸಣ್ಣ ಚೀಟಿ, ಪೆನ್ನು, ವಾರದಲ್ಲಿ ಅರ್ಧ ಗಂಟೆ. ಮೊದಲ ಸಲ ಮಾಡುವವರು ಭಾನುವಾರವನ್ನೋ ಹಬ್ಬವನ್ನೋ ಆರಿಸಿಕೊಳ್ಳಬೇಡಿ. ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕದಲ್ಲಿ ಸೆಪ್ಟೆಂಬರ್ 8ರ ಹಬ್ಬದ ದಿನಗಳಲ್ಲಿ, ವಿವೇಕನಗರದ ಬಾಲಯೇಸು ದೇವಾಲಯದಲ್ಲಿ ಗುರುವಾರಗಳಂದು ನಿಲ್ಲಲು ಜಾಗ ಸಿಕ್ಕಿದರೇ ಪುಣ್ಯ. ನಿಮ್ಮ ಧರ್ಮಕೇಂದ್ರದಲ್ಲಿ (ಪ್ಯಾರಿಷ್) ವಾರದ ದಿನ ಬೆಳಗ್ಗೆ ನಡೆಯುವ ಅರ್ಧ ಗಂಟೆಯ ಪೂಜೆಯೇ ಕಲಿಯಲು ಸರಿ.

1. ಗುರುವಾರ ಅಥವಾ ಶುಕ್ರವಾರ: ವಾಚನ ಓದಿ, ಚೀಟಿ ಬರೆಯಿರಿ

ಭಾನುವಾರದ ವಾಚನಗಳು, ಅಂದರೆ ಪೂಜೆಯಲ್ಲಿ ಓದುವ ಬೈಬಲ್ ಭಾಗಗಳು, ಮೂರು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ‘ಎ’ ವರ್ಷ ಹೆಚ್ಚಾಗಿ ಮತ್ತಾಯನ ಶುಭಸಂದೇಶ (ಸುವಾರ್ತೆ), ‘ಬಿ’ ವರ್ಷ ಮಾರ್ಕ, ‘ಸಿ’ ವರ್ಷ ಲೂಕ. ವರ್ಷ ಶುರುವಾಗುವುದು ಜನವರಿಯಲ್ಲಲ್ಲ, ಆಗಮನ ಕಾಲದ ಮೊದಲ ಭಾನುವಾರ, ಅಂದರೆ ಕ್ರಿಸ್ಮಸ್ಸಿಗೆ ನಾಲ್ಕು ಭಾನುವಾರ ಮುಂಚೆ. ಸಮಯ ಕಡಿಮೆಯಿದ್ದರೆ ಮೊದಲ ವಾಚನ, ಶುಭಸಂದೇಶ ಎರಡನ್ನಾದರೂ ಓದಿ. ಸಾಮಾನ್ಯವಾಗಿ ಇವೆರಡನ್ನೂ ಜೋಡಿ ನೋಡಿಯೇ ಆರಿಸಿರುತ್ತಾರೆ.

ಆಮೇಲೆ ಚೀಟಿಯಲ್ಲಿ ಮೂರು ಸಾಲು ಬರೆಯಿರಿ. ಈ ವಾರ ಮಾಡಿದ ಒಂದು ಕೆಲಸ, ಪಟ್ಟ ಒಂದು ಕಷ್ಟ ಅಥವಾ ಕಂಡ ಒಂದು ಸಂತೋಷ, ಮನಸ್ಸಿಗೆ ಮುಳ್ಳಾಗಿರುವ ಅಥವಾ ಹೊರೆಯಾಗಿರುವ ಒಬ್ಬ ವ್ಯಕ್ತಿ. ಉದಾಹರಣೆಗೆ:

‘ಬುಧವಾರ ಅಮ್ಮನ ಡಯಾಲಿಸಿಸ್ ಮುಗಿಯುವವರೆಗೆ ಕಾದ ನಾಲ್ಕು ಗಂಟೆ.’
‘ಪೀಣ್ಯದ ಶಿಫ್ಟ್ ಮುಗಿಸಿ ಬಂದು ಮಗನ ಜೊತೆ ಕ್ಯಾರಮ್ ಆಡಿದ್ದು.’
‘ಅಡ್ವಾನ್ಸ್ ವಾಪಸ್ ಕೊಡದ ಓನರ್.’

ಇಷ್ಟು ಚಿಲ್ಲರೆ ವಿಷಯವೇ ಎನ್ನಿಸಬಹುದು. ಆದರೆ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಧರ್ಮಸಭೆಯ ಕುರಿತು ಹೊರಡಿಸಿದ ಸಂವಿಧಾನ (34ನೇ ಪರಿಚ್ಛೇದ) ಇದನ್ನೇ ಪಟ್ಟಿ ಮಾಡುತ್ತದೆ: ಪ್ರಾರ್ಥನೆ, ಸಂಸಾರ, ದಿನನಿತ್ಯದ ದುಡಿಮೆ, ದೇಹ ಮನಸ್ಸುಗಳ ವಿಶ್ರಾಂತಿ, ತಾಳ್ಮೆಯಿಂದ ಹೊತ್ತ ಕಷ್ಟ. ಇವೆಲ್ಲ ಆತ್ಮಿಕ ಬಲಿಗಳಾಗಿ ಪ್ರಭುವಿನ ಶರೀರದ ಜೊತೆಗೆ ಅರ್ಪಣೆಯಾಗುತ್ತವೆ ಎನ್ನುತ್ತದೆ. ವಿಶ್ರಾಂತಿಯೂ ಬಲಿಯೇ ಎಂಬುದನ್ನು ಗಮನಿಸಿ. ಅಳುಮುಖದವರಿಗೆ ಮಾತ್ರ ಮೀಸಲಾದ ಆರಾಧನೆ ಇದಲ್ಲ.

ಎಡವುವುದು ಎಲ್ಲಿ? ಚೀಟಿ ಬೇಡಿಕೆಯ ಪಟ್ಟಿಯಾಗಿಬಿಡುತ್ತದೆ. ‘ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಗಲಿ’ ಎಂಬುದು ಬೇಡಿಕೆ. ತಪ್ಪೇನಿಲ್ಲ, ಅದಕ್ಕೆ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಜಾಗವಿದೆ. ‘ಮಗಳ ಪರೀಕ್ಷೆಗಾಗಿ ನಾನು ನಿದ್ದೆಗೆಟ್ಟ ರಾತ್ರಿಗಳು’ ಎಂಬುದು ಅರ್ಪಣೆ. ಗುರುತಿಸುವುದು ಸುಲಭ: ಸಾಲು ‘ಸಿಗಲಿ’, ‘ಆಗಲಿ’ ಎಂದು ಮುಗಿದರೆ ಅದು ಬೇಡಿಕೆ.

2. ಶನಿವಾರ: ಮುರಿದದ್ದನ್ನು ಕೂಡಿಸಿ

ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯದಲ್ಲಿ (23, 24ನೇ ವಚನ) ಯೇಸುಸ್ವಾಮಿ ಹೇಳುವ ಕ್ರಮ ಸ್ಪಷ್ಟವಾಗಿದೆ. ಕಾಣಿಕೆಯನ್ನು ಪೀಠದ ಮುಂದೆ ಬಿಡು, ಮೊದಲು ಹೋಗಿ ಸೋದರನ ಜೊತೆ ರಾಜಿಯಾಗು, ಆಮೇಲೆ ಬಂದು ಅರ್ಪಿಸು. ಅಲ್ಲಿರುವ ಮಾತು ‘ನಿನಗೆ ಅವನ ಮೇಲೆ ಸಿಟ್ಟಿದ್ದರೆ’ ಎಂದಲ್ಲ, ‘ಅವನಿಗೆ ನಿನ್ನ ಮೇಲೆ ಏನಾದರೂ ಇದ್ದರೆ’ ಎಂದು. ಹಾಗಾಗಿ ‘ನಾನಂತೂ ಯಾರನ್ನೂ ದ್ವೇಷಿಸಲ್ಲಪ್ಪ’ ಎಂದು ಕೈ ತೊಳೆದುಕೊಂಡರೆ ಆಗದು.

ಒಂದು ಫೋನು, ಒಂದು ಮೆಸೇಜು ಸಾಕು. ಅವರು ಉತ್ತರಿಸದಿದ್ದರೆ ನಿಮ್ಮ ಕೆಲಸ ನೀವು ಮಾಡಿದಿರಿ, ಪೂಜೆಗೆ ಹೋಗಿ. ಗಂಭೀರ ಪಾಪದ ಅರಿವಿದ್ದರೆ ಪರಮಪ್ರಸಾದಕ್ಕೆ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಮುಂಚೆ ಗುರುಗಳ ಮುಂದೆ ಪಾಪನಿವೇದನೆ ಬೇಕು. ಅದರ ಸಮಯವನ್ನು ನೋಟಿಸ್ ಬೋರ್ಡಿನಲ್ಲಿ ನೋಡಿಕೊಳ್ಳಿ. ಪೂಜೆಗೆ ಐದು ನಿಮಿಷವಿರುವಾಗ ಗುರುಗಳನ್ನು ಹಿಡಿದು ನಿಲ್ಲಿಸಬೇಡಿ, ಇಬ್ಬರಿಗೂ ಅವಸರವಾಗುತ್ತದೆ.

3. ಹೊರಡುವ ಮುನ್ನ

ಉಪವಾಸ ಒಂದು ಗಂಟೆ. ಎಣಿಸುವುದು ಪೂಜೆ ಶುರುವಾಗುವ ಹೊತ್ತಿನಿಂದಲ್ಲ, ಪ್ರಸಾದ ಸ್ವೀಕರಿಸುವ ಹೊತ್ತಿನಿಂದ ಹಿಂದಕ್ಕೆ. ಏಳರ ಪೂಜೆಯಲ್ಲಿ ಪ್ರಸಾದ ಸುಮಾರು 7.45ಕ್ಕೆ ಬರುತ್ತದೆ ಎನ್ನಿ, 6.30ಕ್ಕೇ ಕಾಫಿ ಮುಗಿಸಿದರೆ ಚಿಂತೆಯಿಲ್ಲ. ನೀರು, ಔಷಧಿಗೆ ಅಡ್ಡಿಯಿಲ್ಲ. ವಯಸ್ಸಾದವರಿಗೆ, ಕಾಯಿಲೆಯವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಈ ನಿಯಮವೇ ಇಲ್ಲ. ಸಕ್ಕರೆ ಕಾಯಿಲೆಯವರು ಹಟ ಹಿಡಿದು ಹಸಿದು ಬಂದು ಕುಸಿದು ಬೀಳುವುದು ಭಕ್ತಿಯಲ್ಲ.

ಬೆಂಗಳೂರಿನಲ್ಲಿ ಒಂದೇ ದೇವಾಲಯದಲ್ಲಿ ಕನ್ನಡ, ತಮಿಳು, ಇಂಗ್ಲಿಷ್, ಕೊಂಕಣಿ ಪೂಜೆಗಳು ಒಂದರ ಹಿಂದೊಂದು ಇರಬಹುದು. ಹೊಸ ಬಡಾವಣೆಗೆ ಮನೆ ಬದಲಿಸಿದವರು ಭಾಷೆ, ಸಮಯ ಎರಡನ್ನೂ ಮೊದಲೇ ವಿಚಾರಿಸಿಕೊಳ್ಳಿ. ಶನಿವಾರ ಸಂಜೆಯ ಪೂಜೆಗೆ ಹೋದರೂ ಭಾನುವಾರದ ಕರ್ತವ್ಯ ತೀರುತ್ತದೆ, ರಾತ್ರಿ ಪಾಳಿಯವರಿಗೆ ಇದು ಅನುಕೂಲ.

ಕೆಲವು ಕಡೆ ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರುತ್ತಾರೆ, ಕೈಮುಗಿದು ಶಾಂತಿ ಹಂಚಿಕೊಳ್ಳುತ್ತಾರೆ, ಆರತಿ ಎತ್ತುತ್ತಾರೆ. ‘ಇದು ಹಿಂದೂಗಳದ್ದಲ್ಲವೇ?’ ಎಂಬ ಗೊಣಗಾಟ ಆಗಾಗ ಕಿವಿಗೆ ಬೀಳುತ್ತದೆ. ಭಾರತದ ಪೂಜೆಗೆಂದು ಹನ್ನೆರಡು ಅಂಶಗಳನ್ನು ರೋಮ್ 1969ರ ಏಪ್ರಿಲ್‌ನಲ್ಲೇ ಒಪ್ಪಿದೆ. ಅವುಗಳಲ್ಲಿ ಇವೂ ಸೇರಿವೆ. ಅವನ್ನು ದೇಶಕ್ಕೆಲ್ಲ ಕಲಿಸಿಕೊಟ್ಟ, ಬೈಬಲ್, ಧರ್ಮೋಪದೇಶ, ಆರಾಧನೆಗಳಿಗಾಗಿರುವ ಕಥೋಲಿಕರ ರಾಷ್ಟ್ರೀಯ ಸಂಸ್ಥೆಯಾದ ಎನ್‌ಬಿಸಿಎಲ್‌ಸಿ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ.

4. ಆರಂಭ ಮತ್ತು ವಾಕ್ಯವಿಧಿ

ಇಲ್ಲಿ ಹೆಚ್ಚು ಹೇಳುವುದಿಲ್ಲ. ಪ್ರವೇಶ ಗೀತೆಗೆ ಮುಂಚೆ ಕೂತಿರಿ. ಓದಿ ಬಂದಿದ್ದೀರಿ, ಈಗ ಪುಸ್ತಕ ಮುಚ್ಚಿ ಕೇಳಿ. ಕೇಳಿದ್ದರಲ್ಲಿ ಒಂದೇ ವಾಕ್ಯ ನಿಮ್ಮ ಚೀಟಿಯ ಯಾವ ಸಾಲನ್ನು ಮುಟ್ಟುತ್ತದೆ ನೋಡಿ. ಪ್ರಬೋಧನೆ ಸಪ್ಪೆಯೆನಿಸಿದ ದಿನವೂ ಈ ಕೆಲಸ ನಡೆಯುತ್ತದೆ.

5. ಕಾಣಿಕೆ ಅರ್ಪಣೆ: ನಿಮ್ಮ ಗಳಿಗೆ

ಎಲ್ಲರೂ ಕೂತು, ಪರ್ಸು ತಡಕಾಡಿ, ಪಕ್ಕದವರ ಸೀರೆ ನೋಡುವ ಹೊತ್ತು ಇದು. ಆದರೆ ನೀವು ಬಂದದ್ದೇ ಈ ಎರಡು ಮೂರು ನಿಮಿಷಕ್ಕಾಗಿ.

ಪೀಠಕ್ಕೆ ಹೋಗುವುದು ಗೋಧಿಯ ಹುಳಿಯಿಲ್ಲದ ರೊಟ್ಟಿ, ದ್ರಾಕ್ಷಾರಸ, ಸ್ವಲ್ಪ ನೀರು. ಬೇರೆ ಧಾನ್ಯದ ರೊಟ್ಟಿ, ಬೇರೆ ಹಣ್ಣಿನ ರಸ ನಡೆಯದು. ಗುರುಗಳು ಬಟ್ಟಲಿಗೆ ದ್ರಾಕ್ಷಾರಸ ಸುರಿದ ಮೇಲೆ ಒಂದು ತೊಟ್ಟು ನೀರು ಬೆರೆಸುವುದನ್ನು ಕಣ್ಣಿಟ್ಟು ನೋಡಿ. ಮೂರನೇ ಶತಮಾನದಲ್ಲಿ ಕಾರ್ಥೇಜಿನ ಧರ್ಮಾಧ್ಯಕ್ಷರಾಗಿದ್ದ ಸಂತ ಸಿಪ್ರಿಯಾನರು ಇದನ್ನು ಹೀಗೆ ಬಿಡಿಸಿದರು: ದ್ರಾಕ್ಷಾರಸ ಕ್ರಿಸ್ತರು, ನೀರು ಜನ, ಬೆರೆತ ಮೇಲೆ ಬೇರ್ಪಡಿಸಲಾಗದು. ಆ ತೊಟ್ಟು ಬೀಳುವಾಗ ಚೀಟಿಯ ಮೂರು ಸಾಲನ್ನು ಮನಸ್ಸಿನಲ್ಲೇ ಅದರ ಜೊತೆ ಬಿಡಿ. ‘ಅಮ್ಮನ ಜೊತೆ ಕೂತ ನಾಲ್ಕು ಗಂಟೆ, ಸ್ವಾಮಿ, ಇದೋ.’ ಇಷ್ಟೇ ಸಾಕು, ಅಲಂಕಾರ ಬೇಡ.

ಹಣದ ಕಾಣಿಕೆಯನ್ನು ಮನೆಯಲ್ಲೇ ತೆಗೆದಿಟ್ಟುಕೊಳ್ಳಿ. ಜೇಬಿನಲ್ಲಿ ಕೈಗೆ ಸಿಕ್ಕ ಹತ್ತು ರೂಪಾಯಿ ಹಾಕುವುದಕ್ಕೂ ಇಷ್ಟೆಂದು ನಿರ್ಧರಿಸಿ ಹಾಕುವುದಕ್ಕೂ ವ್ಯತ್ಯಾಸ ಮೊತ್ತದಲ್ಲಿಲ್ಲ. ಕ್ಯೂಆರ್ ಕೋಡ್ ಇಟ್ಟಿರುವ ಕಡೆ ಪೂಜೆಗೆ ಮುಂಚೆಯೇ ಕಳಿಸಿಬಿಡಿ. ಈ ಹೊತ್ತಿನಲ್ಲಿ ಫೋನ್ ತೆಗೆದರೆ ವಾಟ್ಸ್ಆ್ಯಪ್ ನಿಮ್ಮನ್ನು ಎಳೆದುಕೊಂಡೇ ಹೋಗುತ್ತದೆ. ಈ ಹಣ ಟಿಕೆಟ್ಟಲ್ಲ. ಕ್ರಿ.ಶ. 155ರ ಸುಮಾರಿಗೆ ಸಂತ ಜಸ್ಟಿನರು ಭಾನುವಾರದ ಆರಾಧನೆಯನ್ನು ವಿವರಿಸುವಾಗ ಅನುಕೂಲಸ್ಥರು ಕೊಟ್ಟದ್ದು ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ ಹೋಗುತ್ತಿತ್ತು ಎಂದು ಬರೆದಿದ್ದಾರೆ.

ಇನ್ನೊಂದು ಎಡವಟ್ಟು ಶಾಲಾ ವಾರ್ಷಿಕೋತ್ಸವ, ಯುವಜನರ ಪೂಜೆಗಳಲ್ಲಿ ಕಾಣುತ್ತದೆ. ಮೆರವಣಿಗೆಯಲ್ಲಿ ಫುಟ್‌ಬಾಲ್, ಲ್ಯಾಪ್‌ಟಾಪ್, ಗಿಟಾರ್ ತಂದು, ಒಂದೊಂದಕ್ಕೂ ಮೈಕಿನಲ್ಲಿ ವಿವರಣೆ ಓದಿ, ಪೂಜೆ ಮುಗಿದ ಕೂಡಲೇ ವಾಪಸ್ ಒಯ್ಯುತ್ತಾರೆ. ಕೊಟ್ಟು ತಿರುಗಿ ಪಡೆದದ್ದು ಕಾಣಿಕೆ ಹೇಗಾದೀತು? ಅಕ್ಕಿ, ಬೇಳೆ, ಎಣ್ಣೆ, ನೋಟ್‌ಬುಕ್ ತನ್ನಿ. ಅವು ಅಲ್ಲಿಂದ ಬಡವರ ಮನೆಗೆ ಹೋಗಲಿ, ನಿಮ್ಮ ಮನೆಗಲ್ಲ.

6. ಮಹಾಪ್ರಾರ್ಥನೆ: ಗಂಟೆ ಬಾರಿಸಿದ ಮೇಲೂ ಎಚ್ಚರವಾಗಿರಿ

ಗುರುಗಳು ಒಂದೇ ಸಮನೆ ಓದುವ ದೀರ್ಘ ಪ್ರಾರ್ಥನೆ ಇದು. ಪವಿತ್ರಾತ್ಮರನ್ನು ಕರೆಯುವುದು, ಕಡೆಯ ಭೋಜನದ ಮಾತುಗಳು, ಸ್ಮರಣೆ ಮತ್ತು ಅರ್ಪಣೆ, ಇರುವವರಿಗೂ ತೀರಿಕೊಂಡವರಿಗೂ ಪ್ರಾರ್ಥನೆ, ಕೊನೆಯ ಮಹಾ ಆಮೆನ್, ಇಷ್ಟು ಮುಖ್ಯ ಭಾಗಗಳು. ಗಂಟೆ ಬಾರಿಸಿ ರೊಟ್ಟಿ, ಬಟ್ಟಲು ಎತ್ತಿದಾಗ ಎಲ್ಲರ ಕಣ್ಣೂ ಅಲ್ಲೇ. ಗಂಟೆ ನಿಂತ ಕೂಡಲೇ ಮನಸ್ಸು ತಿಂಡಿಯ ಕಡೆ.

ಆದರೆ ‘ಅರ್ಪಿಸುತ್ತೇವೆ’ ಎಂಬ ಮಾತು ಬರುವುದು ಎತ್ತಿದ ಮೇಲೆ! ಮೂರನೇ ಮಹಾಪ್ರಾರ್ಥನೆಯಲ್ಲಂತೂ ಪವಿತ್ರಾತ್ಮರು ನಮ್ಮನ್ನೇ ದೇವರಿಗೆ ನಿತ್ಯದ ಕಾಣಿಕೆಯಾಗಿ ಮಾಡಲಿ ಎಂಬ ಅರ್ಥದ ಬಿನ್ನಹ ಅಲ್ಲಿದೆ. ರೊಟ್ಟಿ ಕ್ರಿಸ್ತರ ಶರೀರವಾಗುವುದು ಅರ್ಧ ದಾರಿ, ಕೂತ ನಾವು ಕಾಣಿಕೆಯಾಗುವುದು ಮಿಕ್ಕರ್ಧ. ಚೀಟಿಯ ಮೂರನೇ ಸಾಲನ್ನು, ಆ ಮುಳ್ಳಿನ ವ್ಯಕ್ತಿಯನ್ನು, ಇಲ್ಲಿ ಇನ್ನೊಮ್ಮೆ ನೆನೆಯಿರಿ.

ಕೊನೆಯಲ್ಲಿ ರೊಟ್ಟಿ, ಬಟ್ಟಲು ಎರಡನ್ನೂ ಎತ್ತಿ ಹೇಳುವ ಸ್ತುತಿ ಗುರುಗಳದು, ಅದನ್ನು ಜೊತೆಯಲ್ಲಿ ಗುನುಗಬೇಡಿ. ಅದರ ‘ಆಮೆನ್’ ನಿಮ್ಮದು. ಇಡೀ ಪ್ರಾರ್ಥನೆಗೆ ಸಭೆ ಹಾಕುವ ರುಜು ಅದು, ಗಂಟಲು ಬಿಟ್ಟು ಹೇಳಿ.

7. ಪರಮಪ್ರಸಾದ

ಹಳೆಯ ಒಡಂಬಡಿಕೆಯ ಸಮಾಧಾನದ ಬಲಿಯಲ್ಲಿ ಒಂದು ಪಾಲು ಪೀಠಕ್ಕೆ, ಒಂದು ಯಾಜಕರಿಗೆ, ಉಳಿದದ್ದು ತಂದವರ ಊಟಕ್ಕೆ. ಯೆಹೂದ್ಯರ ಪಾಸ್ಕ ಹಬ್ಬದ ಕುರಿಮರಿಯನ್ನೂ ಕೊಯ್ದರೆ ಸಾಲದು, ತಿನ್ನಬೇಕಿತ್ತು. ಬಲಿ ಊಟದಲ್ಲೇ ಪೂರ್ತಿಯಾಗುತ್ತದೆ.

ಕೈಯಲ್ಲಿ ಪಡೆಯುವವರು ಎಡ ಅಂಗೈ ಮೇಲೆ, ಬಲಗೈ ಅದರ ಕೆಳಗೆ ಇಟ್ಟು, ‘ಆಮೆನ್’ ಹೇಳಿ, ಬಲಗೈಯಿಂದ ತೆಗೆದುಕೊಂಡು ಅಲ್ಲೇ ಸೇವಿಸಿ. ಜಾಗಕ್ಕೆ ಒಯ್ಯಬೇಡಿ, ಕರ್ಚೀಫಿನಲ್ಲಿ ಸುತ್ತಿ ಕಾಯಿಲೆಯ ಅತ್ತೆಗೆಂದು ತೆಗೆದುಕೊಂಡು ಹೋಗಲೇಬೇಡಿ. ಎಡಗೈಯಲ್ಲಿ ಪ್ರಸಾದ ಹಿಡಿಯಲು ಮನಸ್ಸು ಒಪ್ಪದಿದ್ದರೆ, ನಮ್ಮಲ್ಲಿ ಅದು ಸಹಜ, ನಾಲಿಗೆಯ ಮೇಲೆ ಪಡೆಯಿರಿ. ಗೋಧಿಯ ಗ್ಲೂಟೆನ್ ಆಗದವರಿಗೆ ಗ್ಲೂಟೆನ್ ತೀರಾ ಕಡಿಮೆಯಿರುವ ರೊಟ್ಟಿಗೆ, ಇಲ್ಲವೇ ಬಟ್ಟಲಿನಿಂದ ಮಾತ್ರ ಸ್ವೀಕರಿಸುವುದಕ್ಕೆ ಅವಕಾಶವಿದೆ. ಪೂಜೆಗೆ ಕೆಲವು ದಿನ ಮುಂಚೆಯೇ ಗುರುಗಳಿಗೆ ತಿಳಿಸಿ. ಮದುವೆ ಪೂಜೆಗೆ ಬಂದ ಅಕ್ರೈಸ್ತ ಗೆಳೆಯರನ್ನು ಸಾಲಿನಲ್ಲಿ ನಿಲ್ಲಿಸದೆ, ಕೂತೇ ಇರಬಹುದೆಂದು ಮೊದಲೇ ಮೆಲ್ಲಗೆ ಹೇಳಿಡಿ. ಅವರಿಗೂ ಮುಜುಗರ ತಪ್ಪುತ್ತದೆ.

8. ಸೋಮವಾರದಿಂದ ಶನಿವಾರ

ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದ ಮೊದಲ ವಚನದಲ್ಲಿ ಸಂತ ಪೌಲರು ನಿಮ್ಮ ದೇಹಗಳನ್ನೇ ‘ಜೀವಂತ ಬಲಿ’ಯಾಗಿ ಅರ್ಪಿಸಿ ಎನ್ನುತ್ತಾರೆ. ಪೀಠದ ಮೇಲಿಟ್ಟದ್ದನ್ನು ಬೀದಿಯಲ್ಲಿ ವಾಪಸ್ ಪಡೆಯಬಾರದು. ಬೆಳಗ್ಗೆ ಹಲ್ಲುಜ್ಜುವ ಮುಂಚೆ ಅರ್ಧ ನಿಮಿಷ ‘ಈ ದಿನ ನಿಮ್ಮದು’ ಎನ್ನಿ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಾಗ ಹಾರ್ನ್ ಮೇಲಿನ ಕೈ ತೆಗೆಯಿರಿ. ಹಿಬ್ರಿಯರ ಪತ್ರ (13:16) ಹೇಳುವ ಬಲಿ ಇನ್ನೂ ನೇರ: ಒಳ್ಳೆಯದು ಮಾಡುವುದು, ಇದ್ದುದನ್ನು ಹಂಚಿಕೊಳ್ಳುವುದು. ವಾರಕ್ಕೊಂದು ಹಂಚಿಕೆ, ಹೆಸರಿಲ್ಲದೆ.

ಇಲ್ಲೊಂದು ದೊಡ್ಡ ಎಚ್ಚರಿಕೆ. ‘ಎಲ್ಲ ಬಲಿಯಾಗಿ ಅರ್ಪಿಸಮ್ಮ, ತಾಳಿಕೊ’ ಎಂದು ಗಂಡನ ಹೊಡೆತ ತಿನ್ನುವ ಹೆಂಗಸಿಗೆ ಹೇಳುವವರಿದ್ದಾರೆ. ಇದು ಬಲಿಯ ಅರ್ಥವನ್ನು ತಲೆಕೆಳಗು ಮಾಡುತ್ತದೆ. ತನ್ನನ್ನು ತಾನೇ, ಮನಸ್ಸಾರೆ, ಪ್ರೀತಿಗಾಗಿ ಕೊಟ್ಟುಕೊಂಡರೆ ಅದು ಬಲಿ. ಇನ್ನೊಬ್ಬರ ಅನ್ಯಾಯಕ್ಕೆ ಮೈಯೊಡ್ಡು ಎನ್ನುವುದು ಪೇಪರಿನವರ ‘ಬಲಿ’. ಅಂಥವರಿಗೆ ಕೊಡಬೇಕಾದದ್ದು 181ರ ಮಹಿಳಾ ಸಹಾಯವಾಣಿ, ತುರ್ತಾದರೆ 112. ಮನೆಗೆಲಸದವರಿಗೆ ರಜೆ ಕೊಡದೆ ತಾವು ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಉಪವಾಸ ಮಾಡುವವರೂ ಇದೇ ಲೆಕ್ಕಕ್ಕೆ ಸೇರುತ್ತಾರೆ.

ಪೂಜೆ ಕೊಡಿಸುವುದು

ತೀರಿಕೊಂಡವರಿಗಾಗಿ, ಕೃತಜ್ಞತೆಗಾಗಿ ಪೂಜೆ ಕೊಡಿಸುವಾಗ ಧರ್ಮಕೇಂದ್ರದ ಆಫೀಸಿನಲ್ಲಿ ಹೆಸರು, ಉದ್ದೇಶ, ದಿನ ಬರೆಸಿ. ವರ್ಷದ ತಿಥಿಯಂಥ ನಿಗದಿತ ದಿನ ಬೇಕಿದ್ದರೆ ಸಾಕಷ್ಟು ಮುಂಚೆ ಹೋಗಿ. ಕೊಡುವ ಕಾಣಿಕೆ ಪೂಜೆಯ ಬೆಲೆಯಲ್ಲ. ಇದರಲ್ಲಿ ವ್ಯಾಪಾರದ ನೆರಳೂ ಸುಳಿಯಕೂಡದು ಎಂದು ಧರ್ಮಸಭೆಯ ಕಾನೂನು (947ನೇ ವಿಧಿ) ಹೇಳುತ್ತದೆ. ಕೈಯಲ್ಲಿ ಕಾಸಿಲ್ಲದವರೂ ಸಂಕೋಚವಿಲ್ಲದೆ ಕೇಳಬಹುದು. ಹಲವರ ಉದ್ದೇಶಗಳನ್ನು ಒಂದೇ ಪೂಜೆಗೆ ಸೇರಿಸುವುದಾದರೆ ನಿಮಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಬರೆಸುವಾಗಲೇ ಕೇಳಿ ತಿಳಿದುಕೊಳ್ಳಿ, ಆಮೇಲೆ ಬೇಸರ ಬೇಡ. ಗ್ರೆಗೊರಿಯನ್ ಪೂಜೆ ಎಂದರೆ ತೀರಿಕೊಂಡ ಒಬ್ಬರಿಗಾಗಿ ಬಿಡದೆ 30 ದಿನ ನಡೆಯುವ 30 ಪೂಜೆಗಳು. ಕೆಲಸ ಹೆಚ್ಚಿರುವ ಧರ್ಮಕೇಂದ್ರಗಳಲ್ಲಿ ಇದು ಕಷ್ಟ, ಗುರುಮಠಗಳಲ್ಲಿ ವಿಚಾರಿಸಿ. ಮುಖ್ಯವಾದ ಮಾತು: ಕೊಡಿಸಿದರೆ ಸಾಲದು, ಬಂದು ಕೂರಿ. ಹೆಸರು ಓದಿದ್ದು ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬುದೇ ಚಿಂತೆಯಾಗದಿರಲಿ.

ಬೇರೆ ಸಭೆಗಳ ಓದುಗರಿಗೆ

ಬೆಂಗಳೂರಿನ ಹಡ್ಸನ್ ಸ್ಮಾರಕ ದೇವಾಲಯದಂಥ ಚರ್ಚ್ ಆಫ್ ಸೌತ್ ಇಂಡಿಯಾದ, ಅಂದರೆ ಸಿಎಸ್‌ಐ ಸಭೆಗಳವರು, ಇತರ ಪ್ರೊಟೆಸ್ಟೆಂಟರು ಪ್ರಭು ಭೋಜನವನ್ನು ನಾವು ಹೇಳುವ ಅರ್ಥದಲ್ಲಿ ಬಲಿ ಎನ್ನುವುದಿಲ್ಲ. ಆ ಭೇದವನ್ನು ಮರೆಮಾಚುವ ಅಗತ್ಯವಿಲ್ಲ. ಆದರೆ ಸ್ತುತಿಯ ಬಲಿ, ತಮ್ಮನ್ನೇ ಅರ್ಪಿಸಿಕೊಳ್ಳುವುದು ಅವರ ಆರಾಧನೆಯಲ್ಲೂ ಇದೆ. 1, 2, 8ನೇ ಹಂತಗಳನ್ನು ಅವರು ಹಾಗೆಯೇ ಬಳಸಬಹುದು.

ಹೋಗಲಾಗದವರಿಗೆ

ಹಾಸಿಗೆ ಹಿಡಿದವರಿಗೆ ಭಾನುವಾರದ ಕಟ್ಟುಪಾಡಿಲ್ಲ. ಟಿವಿಯಲ್ಲಿ, ಫೋನಿನಲ್ಲಿ ಪೂಜೆ ನೋಡುವುದು ಅವರಿಗೆ ಒಳ್ಳೆಯದೇ, ನಡೆದಾಡಲು ಶಕ್ತಿಯಿರುವವರಿಗೆ ಮಾತ್ರ ಅದು ಬದಲಿಯಲ್ಲ. ಆಫೀಸಿಗೆ ಫೋನ್ ಮಾಡಿದರೆ ಪರಮಪ್ರಸಾದ ಮನೆಗೆ ಬರುತ್ತದೆ. ಫ್ಲ್ಯಾಟ್ ನಂಬರ್, ಮಹಡಿ, ಲಿಫ್ಟ್ ಇದೆಯೋ ಇಲ್ಲವೋ ಹೇಳಿ, ಗೇಟಿನ ಸೆಕ್ಯೂರಿಟಿಯವರಿಗೂ ತಿಳಿಸಿಡಿ. ರೋಗಿಯ ಪಕ್ಕ ಒಂದು ಸಣ್ಣ ಮೇಜು, ಮೇಲೆ ಒಗೆದ ಬಿಳಿ ಬಟ್ಟೆ, ಶಿಲುಬೆ, ಒಂದು ಮೇಣದಬತ್ತಿ, ಲೋಟದಲ್ಲಿ ಕುಡಿಯುವ ನೀರು ಇಡಿ. ಆಮ್ಲಜನಕದ ಸಿಲಿಂಡರ್ ಇರುವ ಕೋಣೆಯಲ್ಲಿ ಬತ್ತಿ ಹಚ್ಚಬೇಡಿ. ನುಂಗಲು ಕಷ್ಟಪಡುವವರಿಗೆ ಚೂರು ಸಾಕು, ಮೊದಲೇ ತಿಳಿಸಿ. ಚೀಟಿಯನ್ನು ಅವರಿಂದಲೂ ಬರೆಸಿ, ಕೈ ಬಾರದಿದ್ದರೆ ಅವರು ಹೇಳಲಿ, ನೀವು ಬರೆಯಿರಿ. ಗುರುಗಳು ಬಾಗಿಲು ತಟ್ಟುವ ಮುಂಚೆ ಟಿವಿ ಆರಿಸಿ, ನಾಯಿಯಿದ್ದರೆ ಇನ್ನೊಂದು ಕೋಣೆಗೆ ಕಳಿಸಿ.